ಎಂಜಿಬಿಗೆ ಹೊಸ ಬಿಡಿಭಾಗ: ಅಸಲಿ ಯಾವುದು, ಸರಿ ಯಾವುದು?

ಎಂಜಿ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 2019ರಲ್ಲಿ ಭಾರತದ ರಸ್ತೆಗಿಳಿದ ಹೆಕ್ಟರ್ ಎಂಬ ದೊಡ್ಡ ಗಾಡಿ. ಆ ಹೆಸರಿಗೆ ಜಗತ್ತಿನ ತುಂಬ ಅಭಿಮಾನಿಗಳು ಹುಟ್ಟಿಕೊಂಡದ್ದು ಮಾತ್ರ ಬೇರೆಯೇ ಬಗೆಯ ಕಾರುಗಳಿಂದ. ಇಂಗ್ಲೆಂಡಿನ ಅಬಿಂಗ್ಡನ್ ಎಂಬ ಸಣ್ಣ ಊರಿನ ಕಾರ್ಖಾನೆಯಲ್ಲಿ ಇಬ್ಬರು ಕೂರುವ, ಮಡಚುವ ಬಟ್ಟೆಯ ಟಾಪ್ ಇರುವ ಪುಟ್ಟ ಸ್ಪೋರ್ಟ್ಸ್ ಕಾರುಗಳು ತಯಾರಾಗುತ್ತಿದ್ದವು. ಅವುಗಳ ಪೈಕಿ ಅತಿ ಹೆಚ್ಚು ಜನ ಕೊಂಡದ್ದು ಎಂಜಿಬಿಯನ್ನು. 1962ರಲ್ಲಿ ಹೊರಬಂದ ಈ ಕಾರು 1980ರವರೆಗೆ ತಯಾರಾಯಿತು. ಮುಚ್ಚಿದ ಚಾವಣಿಯ ಜಿಟಿ ಮಾದರಿಯನ್ನೂ ಸೇರಿಸಿದರೆ ಒಟ್ಟು ಸಂಖ್ಯೆ ಐದು ಲಕ್ಷ ದಾಟುತ್ತದೆ. ಅದರಲ್ಲಿ ಬಹುಪಾಲು ಹಡಗೇರಿ ಅಮೆರಿಕಕ್ಕೆ ಹೋಯಿತು. 1980ರಲ್ಲಿ ಅಬಿಂಗ್ಡನ್ ಕಾರ್ಖಾನೆ ಬಾಗಿಲು ಮುಚ್ಚಿತು. ಹಾಗೆ ಮುಚ್ಚಿ ನಾಲ್ಕು ದಶಕ ಕಳೆದರೂ ಸಾವಿರಾರು ಎಂಜಿಬಿಗಳು ಇನ್ನೂ ಓಡುತ್ತಿವೆ. ಅದಕ್ಕೆ ಮಾಲೀಕರ ಪ್ರೀತಿಯಷ್ಟೇ ಕಾರಣವಲ್ಲ. ಮೂಲ ಕಂಪನಿ ಕೈಬಿಟ್ಟ ಮೇಲೂ ವಾಷರಿನಿಂದ ಹಿಡಿದು ಇಡೀ ಬಾಡಿಯವರೆಗೆ ಎಲ್ಲವನ್ನೂ ಹೊಸದಾಗಿ ತಯಾರಿಸಿ ಮಾರುವವರು ಹುಟ್ಟಿಕೊಂಡರು. ಆ ಬಿಡಿಭಾಗಗಳಿಲ್ಲದಿದ್ದರೆ ಇವತ್ತು ಎಂಜಿಬಿಯನ್ನು ವಸ್ತುಸಂಗ್ರಹಾಲಯದಲ್ಲೇ ನೋಡಬೇಕಾಗುತ್ತಿತ್ತು.

ಗ್ಯಾರೇಜಿನಲ್ಲಿ ನಮಗೆಲ್ಲ ಪರಿಚಯವಿರುವ ಪ್ರಶ್ನೆಯೊಂದಿದೆ: ‘ಒರಿಜಿನಲ್ ಹಾಕಲೋ, ಡೂಪ್ಲಿಕೇಟ್ ಸಾಕೋ?’ ಮೊನ್ನೆ ಮೊನ್ನೆ ಶೋರೂಮಿನಿಂದ ಬಂದ ಕಾರಿಗೆ ಈ ಪ್ರಶ್ನೆ ಸರಿಯಾದದ್ದೇ. ಕಂಪನಿ ಇನ್ನೂ ಇದೆ, ಅದರ ನಕ್ಷೆಗಳಿವೆ, ಪರೀಕ್ಷೆಗಳಿವೆ, ಕೆಟ್ಟರೆ ಕೇಳಲು ಒಂದು ವಿಳಾಸವೂ ಇದೆ. ಐವತ್ತು ವರ್ಷದ ಕಾರಿನ ಮುಂದೆ ಇದೇ ಪ್ರಶ್ನೆ ಹಿಡಿದು ನಿಂತರೆ ದಾರಿ ತಪ್ಪುತ್ತೇವೆ ಎಂಬುದು ನನ್ನ ವಾದ. ಹಳೆಯ ಕಾರಿಗೆ ಹೊಸ ಭಾಗವನ್ನು ಆರಿಸಬೇಕಾದದ್ದು ಅದು ಕಾರಿನೊಳಗೆ ಮಾಡಬೇಕಾದ ಕೆಲಸವನ್ನು ನೋಡಿ. ಅದು ಕೈಕೊಟ್ಟರೆ ಏನಾಗುತ್ತದೆ, ಅಕ್ಕಪಕ್ಕದ ಭಾಗಗಳೊಂದಿಗೆ ಹೇಗೆ ಹೊಂದಿಕೊಳ್ಳುತ್ತದೆ, ಬೇಡವೆನಿಸಿದರೆ ಬಿಚ್ಚಿ ಹಳೆಯದನ್ನು ಮತ್ತೆ ಹಾಕಬಹುದೇ ಎಂಬುದನ್ನು ಕೇಳಿಕೊಳ್ಳಬೇಕು. ಡಬ್ಬಿಯ ಮೇಲಿನ ಹೆಸರಿನಿಂದ ಇದರಲ್ಲಿ ಅರ್ಧದಷ್ಟೂ ತಿಳಿಯುವುದಿಲ್ಲ.

ಮೊದಲು ಒರಿಜಿನಲ್ ಎಂಬುದನ್ನೇ ನೋಡೋಣ. ಎಂಜಿ ಕಂಪನಿ ತನ್ನ ಕಾರಿನ ಎಲ್ಲ ಭಾಗಗಳನ್ನೂ ತಾನೇ ಮಾಡುತ್ತಿರಲಿಲ್ಲ. ಎಲೆಕ್ಟ್ರಿಕಲ್ ಸಾಮಾನು ಲೂಕಾಸ್‌ನದು, ಮೀಟರುಗಳು ಸ್ಮಿತ್ಸ್‌ನವು, ಶಾಕ್ ಅಬ್ಸಾರ್ಬರುಗಳು ಆರ್ಮ್‌ಸ್ಟ್ರಾಂಗ್‌ನವು. ಅಂದರೆ ಕಾರು ಹೊಸದಾಗಿದ್ದಾಗಲೂ ಅದು ಹತ್ತಾರು ಹೊರಗಿನ ಕಾರ್ಖಾನೆಗಳ ಕೂಟವೇ ಆಗಿತ್ತು. ಜೊತೆಗೆ ಆಗಿನ ಕೆಲವು ವಸ್ತುಗಳನ್ನು ಈಗ ಬಯಸಿದರೂ ಹಾಕಲಾಗದು. ಎಂಜಿಬಿ ಹುಟ್ಟಿದ ಕಾಲದ ಬ್ರೇಕ್ ಪ್ಯಾಡುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತಿತ್ತು. ಬ್ರಿಟನ್ 1999ರಲ್ಲಿ ಅದನ್ನು ನಿಷೇಧಿಸಿತು. ಆ ದೂಳು ಶ್ವಾಸಕೋಶಕ್ಕೆ ಮಾಡುವ ಹಾನಿ ತಿಳಿದವರು ಯಾರೂ ಅದು ಮರಳಲಿ ಎನ್ನುವುದಿಲ್ಲ. ಪೆಟ್ರೋಲಿನ ಕತೆಯೂ ಇಂಥದೇ. ಆಗಿನ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಎಕ್ಸಾಸ್ಟ್ ವಾಲ್ವುಗಳು ಕೂರುವ ಸೀಟಿನ ಮೇಲೆ ಆ ಸೀಸ ತೆಳುವಾದ ರಕ್ಷಾ ಪದರವಾಗಿ ನಿಲ್ಲುತ್ತಿತ್ತು. ಬ್ರಿಟನ್ನಿನಲ್ಲಿ 1999ರ ಕೊನೆಗೆ, ಭಾರತದಲ್ಲಿ 2000ದಲ್ಲಿ ಸೀಸದ ಪೆಟ್ರೋಲಿನ ಮಾರಾಟ ನಿಂತಿತು. ಆಮೇಲೆ ಮೂಲ ಸ್ಥಿತಿಯಲ್ಲೇ ಉಳಿದ ಸಿಲಿಂಡರ್ ಹೆಡ್‌ಗಳಲ್ಲಿ ಹೆದ್ದಾರಿಯ ವೇಗಕ್ಕೆ ವಾಲ್ವ್ ಸೀಟುಗಳು ಬೇಗ ಸವೆದು ಒಳಕ್ಕೆ ಇಳಿಯತೊಡಗಿದವು. ಹೆಡ್ ಬಿಚ್ಚಿ, ಸೀಟಿನ ಜಾಗವನ್ನು ಕೊರೆದು, ಗಟ್ಟಿ ಉಕ್ಕಿನ ಉಂಗುರ ಕೂರಿಸಿದರೆ ಆ ತೊಂದರೆ ಮುಗಿಯಿತು. ಹೊರಗಿನಿಂದ ನೋಡುವವರಿಗೆ ಏನೂ ಕಾಣದು. ಮೂಲ ಹೆಡ್‌ನಲ್ಲಿ ಇಲ್ಲದ ಆ ಉಂಗುರ ಇಂದಿನ ಇಂಧನಕ್ಕೆ ಅಬಿಂಗ್ಡನ್ ಹಾಕಿದ್ದಕ್ಕಿಂತ ಖಂಡಿತ ಉತ್ತಮ.

ಇಂಧನದ ಪೈಪಿನ ವಿಷಯ ಇನ್ನೂ ಗಂಭೀರ, ಏಕೆಂದರೆ ಅಲ್ಲಿ ಬೆಂಕಿಯ ಭಯವಿದೆ. 2021ರ ಸೆಪ್ಟೆಂಬರಿನಿಂದ ಬ್ರಿಟನ್ನಿನ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡಾ 10ರವರೆಗೆ ಎಥನಾಲ್ ಇದೆ. ಭಾರತ ಅದನ್ನೂ ದಾಟಿ ಶೇಕಡಾ 20ಕ್ಕೆ ಬಂದಿದೆ. ಹಳೆಯ ಕಾಲದ ರಬ್ಬರ್ ಪೈಪುಗಳು, ಕಾರ್ಬುರೇಟರಿನ ಸೀಲುಗಳು, ಪಂಪಿನ ಡಯಾಫ್ರಮ್ ಇವೆಲ್ಲ ತಯಾರಾದಾಗ ಎಥನಾಲಿನ ಮಾತೇ ಇರಲಿಲ್ಲ. ಅಂಥ ರಬ್ಬರು ಎಥನಾಲಿನಲ್ಲಿ ನೆನೆದರೆ ಮೊದಲು ಉಬ್ಬಿ ಮೆತ್ತಗಾಗುತ್ತದೆ, ಕಾಲಕ್ರಮೇಣ ಬಿರುಕು ಬಿಡುತ್ತದೆ. ಎಂಜಿಬಿಯ ಎರಡು ಎಸ್‌ಯು ಕಾರ್ಬುರೇಟರುಗಳು ಕೂತಿರುವುದು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ನೇರ ಮೇಲೆ. ಪೆಟ್ರೋಲ್ ತೊಟ್ಟಿಕ್ಕಿದರೆ ಬೀಳುವುದು ಕೆಂಡದಂತೆ ಕಾದ ಕಬ್ಬಿಣದ ಮೇಲೆಯೇ. ಯಾರೋ ಜೋಪಾನವಾಗಿ ಕಾದಿಟ್ಟ ನಲವತ್ತು ವರ್ಷ ಹಳೆಯ, ಡಬ್ಬಿ ಒಡೆಯದ ಅಸಲಿ ಪೈಪನ್ನು ಇಲ್ಲಿ ಹಾಕುವುದು ಕಾರಿನ ಮೇಲಿನ ಗೌರವವಾಗಲಾರದು. ಎಥನಾಲಿಗೆ ಜಗ್ಗದ ಫ್ಲೋರೋ ರಬ್ಬರಿನ ಒಳಪದರವಿರುವ ಪೈಪೇ ಇಲ್ಲಿ ಬೇಕು. ರಬ್ಬರಿಗೂ ವಯಸ್ಸಾಗುತ್ತದೆ, ಟೈರಿಗೂ ಆಗುತ್ತದೆ. ಬಳಸದೆ ಇಟ್ಟ ಮಾತ್ರಕ್ಕೆ ಅವು ಹೊಸದಾಗಿ ಉಳಿಯವು.

ಹಾಗಾದರೆ ಹೊರಗಿನವರು ಮಾಡಿದ ಹೊಸ ಭಾಗಗಳೆಲ್ಲ ಒಳ್ಳೆಯವೇ? ಖಂಡಿತ ಅಲ್ಲ. ಅದಕ್ಕೆ ಒಂದು ಸಣ್ಣ ಸಾಮಾನನ್ನು ಹತ್ತಿರದಿಂದ ನೋಡಿದರೆ ಸಾಕು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ನಡುವಿನ ಕಂಬಿಯ ಮೇಲೆ ಹೆಬ್ಬೆರಳಿನ ತುದಿಯಷ್ಟು ದೊಡ್ಡ ಪ್ಲಾಸ್ಟಿಕ್ ತುಂಡೊಂದು ಕೂತಿರುತ್ತದೆ, ಅದರ ನೆತ್ತಿಯ ಮೇಲೆ ಹಿತ್ತಾಳೆಯ ಪಟ್ಟಿ. ಇದೇ ರೋಟರ್. ಇಗ್ನಿಷನ್ ಕಾಯಿಲಿನಿಂದ ಸಾವಿರಾರು ವೋಲ್ಟಿನ ವಿದ್ಯುತ್ತು ಮುಚ್ಚಳದ ನಡುವಿನಿಂದ ಹಿತ್ತಾಳೆ ಪಟ್ಟಿಗೆ ಇಳಿಯುತ್ತದೆ. ರೋಟರ್ ತಿರುಗುತ್ತ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳಿಗೆ ಸರದಿಯಂತೆ ಅದನ್ನು ಹಂಚುತ್ತದೆ. ಕೆಳಗಿನ ಕಂಬಿ ಎಂಜಿನ್ನಿನ ಕಬ್ಬಿಣದೊಂದಿಗೆ ಸೇರಿಕೊಂಡಿರುವುದರಿಂದ ವಿದ್ಯುತ್ತಿಗೆ ಅದು ಅರ್ಥ್. ಹಿತ್ತಾಳೆಗೂ ಕಂಬಿಗೂ ನಡುವೆ ಇರುವ ತಡೆ ಆ ಪ್ಲಾಸ್ಟಿಕ್ ಒಂದೇ. ಕೆಲವು ಅಗ್ಗದ ರೋಟರುಗಳಲ್ಲಿ ಹಿತ್ತಾಳೆ ಪಟ್ಟಿಯನ್ನು ಹಿಡಿದಿಡಲು ರಿವೆಟ್ ಹೊಡೆದಿರುತ್ತಾರೆ. ರಿವೆಟ್ಟಿನ ಬುಡ ಪ್ಲಾಸ್ಟಿಕ್ಕಿನೊಳಗೆ ಇಳಿದಷ್ಟೂ ತಡೆ ತೆಳುವಾಗುತ್ತದೆ. ಪ್ಲಾಸ್ಟಿಕ್ ಕೂಡ ಕಳಪೆಯಾಗಿದ್ದರೆ ಒಂದು ದಿನ ಕಿಡಿಯು ಪ್ಲಗ್ಗಿನ ದಾರಿ ಬಿಟ್ಟು ಪ್ಲಾಸ್ಟಿಕ್ಕನ್ನೇ ತೂತು ಮಾಡಿಕೊಂಡು ಕಂಬಿಗೆ ಇಳಿಯುತ್ತದೆ. ಕಾರು ನಡುರಸ್ತೆಯಲ್ಲಿ ಏಕಾಏಕಿ ನಿಲ್ಲುತ್ತದೆ. ರೋಟರನ್ನು ಕೈಯಲ್ಲಿ ಹಿಡಿದು ನೋಡಿದರೆ ಹೊಸದರಂತೆಯೇ ಇರುತ್ತದೆ, ಅಳತೆಯೂ ಸರಿ, ಆಕಾರವೂ ಸರಿ. ಈ ತೊಂದರೆ ಹಳೆಯ ಕಾರಿನವರ ನಡುವೆ ಎಷ್ಟು ಕುಖ್ಯಾತವಾಯಿತೆಂದರೆ, ರಿವೆಟ್ಟೇ ಇಲ್ಲದ ಕೆಂಪು ರೋಟರುಗಳನ್ನು ಇದಕ್ಕೆಂದೇ ಬೇರೆಯಾಗಿ ತಯಾರಿಸತೊಡಗಿದರು. ಕೆಟ್ಟ ರೋಟರೂ ಕಂಪನಿ ಮಾಡಿದ್ದಲ್ಲ, ಅದಕ್ಕೆ ಮದ್ದಾದ ರೋಟರೂ ಕಂಪನಿ ಮಾಡಿದ್ದಲ್ಲ.

ಇಂಥ ದೋಷ ಏಕೆ ನುಸುಳುತ್ತದೆ? ಮರುತಯಾರಕನ ಕೈಯಲ್ಲಿ ಎಷ್ಟೋ ಸಲ ಮೂಲ ನಕ್ಷೆ ಇರುವುದಿಲ್ಲ. ಹಳೆಯ ಭಾಗವೊಂದನ್ನು ಮುಂದಿಟ್ಟುಕೊಂಡು ಅದರ ಅಳತೆ ತೆಗೆಯುತ್ತಾನೆ. ಆ ಭಾಗವೇ ಸವೆದಿದ್ದರೆ, ಸವೆದ ಸೇರನ್ನು ಮಾದರಿಯಾಗಿಟ್ಟು ಹೊಸ ಸೇರು ಮಾಡಿಸಿದಂತಾಗುತ್ತದೆ. ಅಳತೆ ಸಿಕ್ಕರೂ ಲೋಹವನ್ನು ಯಾವ ಹದಕ್ಕೆ ಕಾಯಿಸಿದ್ದರು, ಮೇಲ್ಮೈಯನ್ನು ಎಷ್ಟು ಗಟ್ಟಿ ಮಾಡಿದ್ದರು ಎಂಬುದು ವರ್ನಿಯರಿಗೆ ಸಿಗುವುದಿಲ್ಲ. ಕ್ಯಾಮ್ ಶಾಫ್ಟ್ ಮತ್ತು ಅದರ ಮೇಲೆ ಕೂತು ವಾಲ್ವುಗಳನ್ನು ಎತ್ತುವ ಟ್ಯಾಪೆಟ್ಟುಗಳು ಇದಕ್ಕೆ ಒಳ್ಳೆಯ ಉದಾಹರಣೆ. ಟ್ಯಾಪೆಟ್ಟಿನ ತಳ ಚಪ್ಪಟೆಯಾಗಿ ಕಂಡರೂ ನಿಜದಲ್ಲಿ ಕೂದಲೆಳೆಯಷ್ಟು ಉಬ್ಬಿರುತ್ತದೆ. ಆ ಉಬ್ಬಿನಿಂದಲೇ ಅದು ಕ್ಯಾಮಿನ ಮೇಲೆ ತನ್ನಷ್ಟಕ್ಕೆ ಸುತ್ತುತ್ತ ಒಂದೇ ಕಡೆ ಸವೆಯದೆ ಉಳಿಯುತ್ತದೆ. ಉಬ್ಬು ತಪ್ಪಿದರೆ, ಅಥವಾ ಲೋಹ ಮೆತ್ತಗಿದ್ದರೆ, ಹೊಸ ಕ್ಯಾಮ್ ಕೆಲವೇ ನೂರು ಕಿಲೋಮೀಟರಿನಲ್ಲಿ ಬೋಳಾಗುತ್ತದೆ.

ಇಷ್ಟು ಹೇಳಿ ತಯಾರಕನ ಮೇಲಷ್ಟೇ ತಪ್ಪು ಹೊರಿಸಿ ಕೂರುವುದು ನ್ಯಾಯವಲ್ಲ. ಇದೇ ಕ್ಯಾಮ್ ಒಳ್ಳೆಯದೇ ಆಗಿದ್ದರೂ ಹಾಕುವ ರೀತಿ ತಪ್ಪಿದರೆ ಹಾಳಾಗುತ್ತದೆ. ಹೊಸ ಕ್ಯಾಮಿಗೆ ವಿಶೇಷ ಲೇಪ ಹಚ್ಚಿ ಕೂರಿಸಬೇಕು. ಎಂಜಿನ್ ಮೊದಲ ಸಲ ಚಾಲೂ ಆದ ಕೂಡಲೇ ಐಡಲಿಗೆ ಬಿಡದೆ ಸುಮಾರು 2000 ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷ ಓಡಿಸಬೇಕು, ಏಕೆಂದರೆ ಕ್ಯಾಮಿಗೆ ಎಣ್ಣೆ ಚೆನ್ನಾಗಿ ಚಿಮ್ಮುವುದು ಆ ವೇಗದಲ್ಲೇ. ಎಣ್ಣೆಯಲ್ಲಿ ಸತುವಿನ ಸಂಯುಕ್ತ ಸಾಕಷ್ಟಿರಬೇಕು. ಇಂದಿನ ಕಾರುಗಳ ಕೆಟಲಿಟಿಕ್ ಕನ್ವರ್ಟರಿಗೆ ಹಾನಿಯೆಂದು ಹೊಸ ಎಣ್ಣೆಗಳಲ್ಲಿ ಅದನ್ನು ಕಡಿಮೆ ಮಾಡಿದ್ದಾರೆ. ಅಂಗಡಿಯಲ್ಲಿ ಸಿಗುವ ಅತಿ ದುಬಾರಿ ಎಣ್ಣೆಯೇ ಈ ಹಳೆಯ ಎಂಜಿನ್ನಿಗೆ ಒಗ್ಗದೆ ಹೋಗಬಹುದು.

ಸಸ್ಪೆನ್ಷನ್ನಿನ ಬುಷ್‌ಗಳಲ್ಲಿ ಜೋಡಣೆಯ ಮಹತ್ವ ಇನ್ನೂ ಚೆನ್ನಾಗಿ ಕಾಣುತ್ತದೆ. ಎಂಜಿಬಿಯ ಮುಂದಿನ ಕೆಳತೋಳಿನ ಬುಷ್‌ಗಳು ಬರೀ ರಬ್ಬರಿನವು, ಬೇಗ ನುಜ್ಜಾಗುತ್ತವೆ. 1973ರಲ್ಲಿ ಅದೇ ಕಂಪನಿ ಹೊರತಂದ ಎಂಜಿಬಿ ಜಿಟಿ ವಿ8 ಮಾದರಿಯಲ್ಲಿ ಉಕ್ಕಿನ ಕೊಳವೆಗೆ ರಬ್ಬರನ್ನು ಅಂಟಿಸಿದ ಗಟ್ಟಿ ಬುಷ್‌ ಇತ್ತು. ಅದು ಸಾಮಾನ್ಯ ಎಂಜಿಬಿಗೂ ಸರಿಯಾಗಿ ಕೂರುತ್ತದೆ. ಇಂದು ಬಹಳ ಮಾಲೀಕರು ಹಾಕಿಸುವುದು ಇದನ್ನೇ, ಮತ್ತು ನನ್ನ ದೃಷ್ಟಿಯಲ್ಲಿ ಈ ಕಾರಿಗೆ ಮಾಡಬಹುದಾದ ಅತ್ಯಂತ ವಿವೇಕದ ಬದಲಾವಣೆಗಳಲ್ಲಿ ಇದೂ ಒಂದು. ಹಾಕುವಾಗ ಮಾತ್ರ ಒಂದು ವಿಷಯ ಮರೆಯುವಂತಿಲ್ಲ. ಅಂಟಿಸಿದ ಬುಷ್‌ನಲ್ಲಿ ತೋಳು ಮೇಲೆ ಕೆಳಗೆ ಆಡುವುದೆಂದರೆ ರಬ್ಬರು ತಿರುಚಿಕೊಳ್ಳುವುದು ಎಂದರ್ಥ. ಕಾರು ಜಾಕಿಯ ಮೇಲಿದ್ದು ಚಕ್ರ ಜೋತುಬಿದ್ದಾಗಲೇ ಬೋಲ್ಟನ್ನು ಪೂರ್ತಿ ಬಿಗಿದುಬಿಟ್ಟರೆ, ಕಾರನ್ನು ಇಳಿಸಿದ ಕ್ಷಣದಿಂದ ಆ ರಬ್ಬರು ಸದಾ ತಿರುಚಿದ ಸ್ಥಿತಿಯಲ್ಲೇ ಇದ್ದು ಬೇಗ ಹರಿಯುತ್ತದೆ. ಕಾರನ್ನು ನೆಲಕ್ಕಿಳಿಸಿ ಅದರ ಭಾರವೆಲ್ಲ ಚಕ್ರದ ಮೇಲೆ ಬಿದ್ದ ಮೇಲೆ ಕೊನೆಯ ಬಿಗಿ ಕೊಡಬೇಕು. ಆರು ತಿಂಗಳಲ್ಲಿ ಬುಷ್‌ ಹರಿದಾಗ ‘ಡೂಪ್ಲಿಕೇಟ್ ಮಾಲು’ ಎಂಬ ಬೈಗುಳ ಕೇಳಿಬರುತ್ತದೆ. ತಪ್ಪು ಪಾನಾ ಹಿಡಿದ ಕೈಯದ್ದಾಗಿರುತ್ತದೆ.

ಬಾಡಿಯ ಕೆಲಸದಲ್ಲಂತೂ ಇಂಥ ತಪ್ಪಿಗೆ ಪರಿಹಾರವೇ ಕಷ್ಟ. ಎಂಜಿಬಿಗೆ ಬೇರೆ ಷಾಸಿ ಇಲ್ಲ, ಬಾಡಿಯೇ ಷಾಸಿ. ತೆರೆದ ಮಾದರಿಗೆ ಮೇಲ್ಚಾವಣಿಯ ಆಸರೆಯೂ ಇಲ್ಲದ್ದರಿಂದ ಬಾಗಿಲುಗಳ ಕೆಳಗೆ ಉದ್ದಕ್ಕೆ ಹಾದುಹೋಗುವ, ಹಲವು ಪದರದ ತಗಡಿನ ಸಿಲ್ ಎಂಬ ಭಾಗವೇ ಇಡೀ ಕಾರಿನ ಬೆನ್ನೆಲುಬು. ಮೊದಲು ತುಕ್ಕು ಹಿಡಿಯುವುದೂ ಅಲ್ಲೇ. ತುಕ್ಕು ಹಿಡಿದ ಸಿಲ್ಲನ್ನು ಕತ್ತರಿಸುವಾಗ ಬಾಗಿಲ ಚೌಕಟ್ಟಿಗೆ ಒಳಗಿನಿಂದ ಕಬ್ಬಿಣದ ಆಧಾರ ಕೊಟ್ಟು ಬಿಗಿಯದಿದ್ದರೆ ಬಾಡಿ ನಡುವೆ ಕುಸಿಯುತ್ತದೆ. ಕುಸಿದಿದೆಯೆಂದು ತಿಳಿಯುವುದು ಬಾಗಿಲಿನ ಹಿಂಬದಿಯ ಸಂದಿಯಲ್ಲಿ: ಮೇಲ್ಗಡೆ ಕಿರಿದಾಗಿ, ಕೆಳಗಡೆ ಅಗಲವಾಗುತ್ತದೆ. ಅದೇ ಸ್ಥಿತಿಯಲ್ಲಿ ಹೊಸ ಸಿಲ್ಲನ್ನು ವೆಲ್ಡ್ ಮಾಡಿದರೆ ಸೊಟ್ಟ ಕಾರು ಸೊಟ್ಟವಾಗಿಯೇ ಗಟ್ಟಿಯಾಗುತ್ತದೆ. ಹಾಗಾಗಿ ಬಲ್ಲ ಟಿಂಕರಿಂಗ್ ಕೆಲಸಗಾರರು ಬಾಗಿಲನ್ನು ತೂಗುಹಾಕಿಯೇ ಹೊಸ ತಗಡನ್ನು ಹೊಂದಿಸುತ್ತಾರೆ, ಕ್ಲಾಂಪಿನಲ್ಲಿ ಹಿಡಿದು ಹತ್ತು ಸಲ ಬಾಗಿಲು ಮುಚ್ಚಿ ತೆರೆದು ನೋಡಿ, ಆಮೇಲಷ್ಟೇ ವೆಲ್ಡಿಂಗಿಗೆ ಇಳಿಯುತ್ತಾರೆ. ‘ನೇರವಾಗಿ ಕೂರುತ್ತದೆ’ ಎಂದು ಡಬ್ಬಿಯ ಮೇಲೆ ಬರೆದಿದ್ದನ್ನು ನಂಬಿ ಮೊದಲೇ ಪೇಂಟ್ ಹೊಡೆಸುವವರಿಗೆ ಎರಡು ಸಲ ಪೇಂಟಿನ ಖರ್ಚು.

ತಗಡಿನ ವಿಷಯದಲ್ಲಿ ಎಂಜಿಬಿಗೆ ಒಂದು ಅಪರೂಪದ ಭಾಗ್ಯ ಒದಗಿತು. ಅದು ನನ್ನ ವಾದಕ್ಕೂ ಮುಖ್ಯ. 1975ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ಮೋಟರ್ ಹೆರಿಟೇಜ್ ಎಂಬ ಸಂಸ್ಥೆ ಹಳೆಯ ಪ್ರೆಸ್ ಅಚ್ಚುಗಳನ್ನು ಹುಡುಕಿ ತಂದು, 1988ರಲ್ಲಿ ಎಂಜಿಬಿಯ ಇಡೀ ಬಾಡಿಯನ್ನು ಹೊಸದಾಗಿ ಮಾಡಿ ಮಾರತೊಡಗಿತು. ಕಾರ್ಖಾನೆ ಮುಚ್ಚಿ ಎಂಟು ವರ್ಷದ ಮೇಲೆ, ಅದೇ ಅಚ್ಚಿನಲ್ಲಿ ಒತ್ತಿದ ಹೊಸ ಬಾಡಿ! ಇದನ್ನು ಅಸಲಿ ಎನ್ನಬೇಕೆ, ನಕಲು ಎನ್ನಬೇಕೆ? ತಯಾರಾದ ಕಾಲದಿಂದ ಅಳೆದರೆ ನಕಲು, ಅಚ್ಚಿನಿಂದ ಅಳೆದರೆ ಅಸಲಿ. ಈ ಪ್ರಶ್ನೆಗೆ ಉತ್ತರ ಸಿಗದಿದ್ದರೂ ಆ ಬಾಡಿ ತುಕ್ಕಿಗೆ ಬಲಿಯಾಗುತ್ತಿದ್ದ ಎಷ್ಟೋ ಕಾರುಗಳನ್ನು ಉಳಿಸಿತು.

ಇನ್ನು ಆಕ್ಷೇಪಗಳಿಗೆ ಬರೋಣ. ಸಂಗ್ರಾಹಕರು ಹೇಳುವ ಮಾತಿನಲ್ಲಿ ತೂಕವಿದೆ: ಒಂದೊಂದಾಗಿ ಬದಲಿಸುತ್ತ ಹೋದರೆ ಕೊನೆಗೆ ಉಳಿಯುವುದು ಹೆಸರು ಮಾತ್ರ, ಚರಿತ್ರೆಯೇ ಕಳೆದುಹೋಗುತ್ತದೆ. ಎಂಜಿನ್ ನಂಬರು, ಷಾಸಿ ನಂಬರು, ಕಾರ್ಖಾನೆಯ ದಾಖಲೆ ಮೂರೂ ತಾಳೆಯಾಗುವ ಕಾರಿಗೆ ಬೆಲೆ ಹೆಚ್ಚು ಎಂಬುದೂ ನಿಜ. ನಾನು ಇದನ್ನು ಒಪ್ಪುತ್ತೇನೆ, ಆದರೆ ಎಲ್ಲ ಭಾಗಗಳಿಗೂ ಒಂದೇ ತಕ್ಕಡಿ ಹಿಡಿಯುವುದನ್ನು ಒಪ್ಪುವುದಿಲ್ಲ. ಎಂಜಿನ್ ಬ್ಲಾಕ್, ಗೇರ್‌ಬಾಕ್ಸ್, ಮೀಟರುಗಳು, ಸ್ಟೀರಿಂಗ್ ಇವು ಆ ಕಾರಿನ ಚರಿತ್ರೆ. ಪ್ಯಾಡು, ಪೈಪು, ಬುಷ್‌, ಟೈರು, ಪ್ಲಗ್ಗು ಇವು ಹುಟ್ಟಿದ ದಿನದಿಂದಲೂ ಬದಲಾಗಲೆಂದೇ ಇದ್ದವು. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಫಿವಾ ತನ್ನ ಟ್ಯೂರಿನ್ ಸನ್ನದಿನಲ್ಲಿ ಬದಲಾವಣೆಯನ್ನೇ ನಿಷೇಧಿಸುವುದಿಲ್ಲ. ಮಾಡಿದ ಬದಲಾವಣೆ ಹಿಂದಕ್ಕೆ ತರುವಂತಿರಲಿ, ತೆಗೆದ ಮೂಲ ಭಾಗಗಳು ಕಾರಿನ ಜೊತೆಗೇ ಉಳಿಯಲಿ ಎನ್ನುತ್ತದೆ. ಸಿಬಿ ಪಾಯಿಂಟ್ ತೆಗೆದು ಡಿಸ್ಟ್ರಿಬ್ಯೂಟರಿನೊಳಗೇ ಅಡಗಿ ಕೂರುವ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದವರು, ಪಾಯಿಂಟು ಮತ್ತು ಕಂಡೆನ್ಸರನ್ನು ಡಿಕ್ಕಿಯಲ್ಲಿ ಇಟ್ಟುಕೊಂಡರೆ ಅರ್ಧ ಗಂಟೆಯಲ್ಲಿ ಮೊದಲಿನ ಸ್ಥಿತಿಗೆ ಮರಳಬಹುದು. ಆದರೆ ಇಲ್ಲೂ ನೋಡದೆ ಹಾಕುವಂತಿಲ್ಲ. 1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತದೆ. ನೆಗೆಟಿವ್ ಅರ್ಥಿಂಗಿಗೆಂದು ಮಾಡಿದ ಎಲೆಕ್ಟ್ರಾನಿಕ್ ಸಾಮಾನನ್ನು ಅದಕ್ಕೆ ಜೋಡಿಸಿದರೆ ಕೀ ತಿರುಗಿಸಿದ ಕ್ಷಣದಲ್ಲೇ ಸುಟ್ಟುಹೋಗುತ್ತದೆ.

ಎದುರು ದಿಕ್ಕಿನಿಂದ ಬರುವ ಆಕ್ಷೇಪ ಹೀಗಿದೆ: ಇಷ್ಟೆಲ್ಲ ಬದಲಿಸಬಹುದಾದರೆ ಹೊಸ ಎಂಜಿನ್ನನ್ನೇ ಏಕೆ ಹಾಕಬಾರದು, ಬ್ಯಾಟರಿ ಕಾರನ್ನಾಗಿಯೇ ಏಕೆ ಮಾಡಬಾರದು? ಇಲ್ಲಿ ನಾನು ನಿಲ್ಲುತ್ತೇನೆ. ಮುಂದಿನ ಶಾಕ್ ಅಬ್ಸಾರ್ಬರನ್ನೇ ನೋಡಿ. ಎಂಜಿಬಿಯಲ್ಲಿ ಅದು ಬರೀ ಕುಲುಕಾಟ ತಡೆಯುವ ಸಾಧನವಲ್ಲ. ಅದರ ಕೈಯೇ ಸಸ್ಪೆನ್ಷನ್ನಿನ ಮೇಲ್ತೋಳು. ಅದನ್ನು ಕಿತ್ತು ಬೇರೆ ಬಗೆಯದನ್ನು ತಂದರೆ ಬಲ ಬೀಳುವ ಜಾಗ, ಚಕ್ರ ಆಡುವ ದಾರಿ ಎಲ್ಲವೂ ಬದಲಾಗುತ್ತವೆ. ಒಂದು ಭಾಗ ಬದಲಿಸಿದಂತೆ ಕಂಡರೂ ಇಡೀ ವಿನ್ಯಾಸವೇ ಬದಲಾಗಿರುತ್ತದೆ. ಕಾನೂನು ಕೂಡ ಈ ಗೆರೆಯನ್ನು ಗುರುತಿಸಿದೆ. ಬ್ರಿಟನ್ನಿನಲ್ಲಿ 2018ರಿಂದ ನಲವತ್ತು ವರ್ಷ ದಾಟಿದ ಕಾರುಗಳಿಗೆ ವಾರ್ಷಿಕ ತಪಾಸಣೆಯಿಂದ ವಿನಾಯಿತಿ ಇದೆ, ಆದರೆ ಕಳೆದ ಮೂವತ್ತು ವರ್ಷಗಳಲ್ಲಿ ಅವುಗಳಿಗೆ ಮೂಲಭೂತ ಬದಲಾವಣೆ ಆಗಿರಬಾರದು. ಸವೆದ ಭಾಗಕ್ಕೆ ಬದಲಿ ಹಾಕುವುದನ್ನು ಆ ನಿಯಮ ಬದಲಾವಣೆಯೆಂದು ಎಣಿಸುವುದಿಲ್ಲ. ಭಾರತದ 2021ರ ವಿಂಟೇಜ್ ವಾಹನ ನಿಯಮವೂ ಅಂಥದೇ: ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿದ, ಷಾಸಿ, ಬಾಡಿ ಅಥವಾ ಎಂಜಿನ್ನಿಗೆ ದೊಡ್ಡ ಮಾರ್ಪಾಡು ಆಗದ ವಾಹನಕ್ಕೆ 20,000 ರೂಪಾಯಿ ಶುಲ್ಕದ ಮೇಲೆ ‘ವಿಎ’ ಸರಣಿಯ ಬೇರೆ ನೋಂದಣಿ ಸಿಗುತ್ತದೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹಳೆಯ ಎಂಜಿಬಿ ಇಟ್ಟುಕೊಂಡವರಿಗೆ ಎಂಜಿನ್ ಬದಲಿಸುವ ಆಸೆ ಬಂದರೆ ಈ ನಿಯಮವನ್ನು ಮೊದಲು ಓದಿಕೊಳ್ಳುವುದು ಒಳಿತು.

ಮೂರನೆಯದು ಆಕ್ಷೇಪಕ್ಕಿಂತ ಹೆಚ್ಚಾಗಿ ಒಂದು ಪೂರ್ವಗ್ರಹ: ಭಾಗ ಯಾವ ದೇಶದಿಂದ ಬಂತು ಎಂಬುದರ ಮೇಲೆ ತೀರ್ಪು ಕೊಡುವುದು. ಎಂಜಿನ್ನಿನ ಕತೆಯೇ ಇದಕ್ಕೆ ಉತ್ತರ. ಎಂಜಿಬಿಯ 1798 ಸಿಸಿ ಎಂಜಿನ್ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಬ ಕುಟುಂಬಕ್ಕೆ ಸೇರಿದ್ದು. ಅದೇ ಕುಟುಂಬದ 1489 ಸಿಸಿ ಎಂಜಿನ್ ನಮ್ಮ ಅಂಬಾಸಡರ್‌ನಲ್ಲಿತ್ತು. ಬಂಗಾಳದ ಉತ್ತರಪಾಡಾದಲ್ಲಿ ದಶಕಗಳ ಕಾಲ ಅದು ತಯಾರಾಯಿತು. ಅದರ ಬಿಡಿಭಾಗಗಳ ಸುತ್ತ ಇಲ್ಲಿ ಒಂದು ಪೇಟೆಯೇ ಬೆಳೆಯಿತು. ಅಣ್ಣತಮ್ಮಂದಿರ ಎಂಜಿನ್ನುಗಳಾದರೂ ಅಳತೆಯಲ್ಲಿ ಎಷ್ಟೋ ಭಾಗಗಳು ಬೇರೆ ಬೇರೆ, ಹಾಗಾಗಿ ಕಣ್ಣುಮುಚ್ಚಿ ಅದಲುಬದಲು ಮಾಡುವಂತಿಲ್ಲ. ಆದರೂ ಅಂಬಾಸಡರ್ ಎಂಜಿನ್ನನ್ನು ಕಣ್ಣುಕಟ್ಟಿದರೂ ಬಿಚ್ಚಿ ಜೋಡಿಸಬಲ್ಲ ನಮ್ಮ ಹಿರಿಯ ಮೆಕ್ಯಾನಿಕ್ಕರಿಗೆ ಎಂಜಿಬಿಯ ಬಾನೆಟ್ಟಿನ ಕೆಳಗೆ ಅಪರಿಚಿತವೆನಿಸುವುದು ಹೆಚ್ಚೇನಿಲ್ಲ. ಟ್ಯಾಪೆಟ್ ಕ್ಲಿಯರೆನ್ಸ್ ಹೊಂದಿಸುವ, ಫೀಲರ್ ಗೇಜ್ ಹಿಡಿದು ಪಾಯಿಂಟ್ ಗ್ಯಾಪ್ ನೋಡುವ, ಹೊಸ ಭಾಗವನ್ನು ಹಳೆಯದರ ಪಕ್ಕದಲ್ಲಿಟ್ಟು ಅಳೆಯುವ ಅಭ್ಯಾಸ ಅವರ ಕೈಯಲ್ಲಿದೆ. ಕಂಪ್ಯೂಟರ್ ಸ್ಕ್ಯಾನರ್ ಸಿಕ್ಕಿಸಿ ದೋಷ ಹುಡುಕುವ ಹೊಸ ತಲೆಮಾರಿಗೆ ಆ ಅಭ್ಯಾಸ ದಾಟುತ್ತಿಲ್ಲ. ಹಳೆಯ ಕಾರುಗಳ ಮಟ್ಟಿಗೆ ನನಗೆ ಬಿಡಿಭಾಗಗಳ ಕೊರತೆಗಿಂತ ದೊಡ್ಡ ಚಿಂತೆಯಾಗಿ ಕಾಣುವುದು ಇದು.

ಇಂಥ ಕಾರಿಗೆ ಭಾಗ ತರಿಸುವವರು ಡಬ್ಬಿ ಬಂದ ದಿನವೇ ಹಳೆಯದನ್ನು ಗುಜರಿಗೆ ಹಾಕಬಾರದು. ಎರಡನ್ನೂ ಪಕ್ಕಪಕ್ಕ ಇಟ್ಟು ತೂಕ, ಥ್ರೆಡ್, ರಂಧ್ರಗಳ ಅಂತರ ನೋಡಬೇಕು. ಎಂಜಿಬಿಯ ಬೋಲ್ಟುಗಳು ಹೆಚ್ಚಾಗಿ ಇಂಚಿನ ಲೆಕ್ಕದವು, ಮಿಲಿಮೀಟರಿನ ಬೋಲ್ಟು ಎರಡು ಸುತ್ತು ಸುಳ್ಳುಸುಳ್ಳೇ ಹಿಡಿದು ಮೂರನೆಯ ಸುತ್ತಿಗೆ ಥ್ರೆಡ್ ಕಿತ್ತುಬಿಡುತ್ತದೆ. ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ ನೂರಿನ್ನೂರು ಕಿಲೋಮೀಟರ್ ಓಡಿಸಿ ನೋಡುವುದು ನಿಧಾನದ ದಾರಿಯಾದರೂ, ತೊಂದರೆ ಬಂದರೆ ಯಾವುದರಿಂದ ಬಂತೆಂದು ಆಗ ಮಾತ್ರ ತಿಳಿಯುತ್ತದೆ. ಬ್ರೇಕು, ಸ್ಟೀರಿಂಗ್, ಇಂಧನದ ಪೈಪು ಈ ಮೂರರಲ್ಲಿ ಬೆಲೆ ನೋಡಿ ಚೌಕಾಸಿ ಮಾಡುವುದು ಬೇಡ. ಕಾರ್ಪೆಟ್ಟು, ಗುಬ್ಬಿ, ಅಲಂಕಾರದ ಪಟ್ಟಿಗಳಲ್ಲಿ ಬೇಕಾದಷ್ಟು ಮಾಡಬಹುದು. ಯಾವ ಭಾಗ, ಯಾರಿಂದ ತಂದದ್ದು, ಎಷ್ಟು ಕಿಲೋಮೀಟರಿಗೆ ಹಾಕಿದ್ದು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಕಾರನ್ನು ಮಾರುವಾಗ ಬಿಚ್ಚಿಟ್ಟ ಹಳೆಯ ಭಾಗಗಳ ಪೆಟ್ಟಿಗೆಯ ಜೊತೆ ಅದನ್ನೂ ಕೊಡಬೇಕು.